ಟರ್ಕಿಯ ಜಿನ್ ಚಿತ್ರಗಳು: ಅಲ್ಲಿನ ಯುವ ನೋಡುಗರು ಯಾವ ಮುಖಕ್ಕೆ ಹೆದರುತ್ತಾರೆ?

ಪೋರ್ಸುಕ್ ದಂಡೆ

ಟರ್ಕಿಯ ಭಯಾನಕ ಚಿತ್ರಗಳ ಮಾತು ನಮ್ಮ ಚರ್ಚೆಗಳಲ್ಲಿ ಬಂದಾಗಲೆಲ್ಲ ಜಿನ್ನು ಎಂಬ ಅದೃಶ್ಯ ಜೀವಿ, ಮಾಟ, ಹಾಳುಬಿದ್ದ ಹಳ್ಳಿಮನೆ, ಕಿರುಚಾಟ ಎಂದು ಪಟ್ಟಿ ಮಾಡಿ ಮುಗಿಸಿಬಿಡುತ್ತೇವೆ. ನಾನು ಓದುತ್ತಿರುವುದು ಟರ್ಕಿಯ ಎಸ್ಕಿಶೆಹಿರ್‌ನಲ್ಲಿ. ನಡುವೆ ಪೋರ್ಸುಕ್ ನದಿ ಹರಿಯುವ ಈ ಊರಿನ ತುಂಬ ವಿದ್ಯಾರ್ಥಿಗಳೇ. ಅವರು ಈ ಚಿತ್ರಗಳನ್ನು ನೋಡುವ ಬಗೆ, ಆಮೇಲೆ ಚಹಾ ಕುಡಿಯುತ್ತ ಜಗಳವಾಡುವ ಬಗೆ ನನಗೆ ಹತ್ತಿರದಿಂದ ಗೊತ್ತು. ಆ ಜಗಳದ ಬಹುಪಾಲು ನಡೆಯುವುದು ಪ್ರಸಾಧನದ ಮೇಲೆ. ಲೇಟೆಕ್ಸ್, ಸಿಲಿಕೋನ್, ಜೆಲಟಿನ್ ಬಳಸಿ ಮುಖವನ್ನೇ ಬದಲಿಸುವ ಈ ಕೆಲಸವನ್ನು ಇಲ್ಲಿ ಪ್ಲಾಸ್ಟಿಕ್ ಮಕ್ಯಾಜ್ ಎಂದು ಕರೆಯುತ್ತಾರೆ.

ನೋಡುಗರಲ್ಲಿ ಎರಡು ಗುಂಪು ಎದ್ದು ಕಾಣುತ್ತವೆ. ಸ್ನೇಹಿತರ ಹಿಂಡು ಕಟ್ಟಿಕೊಂಡು ಮಾಲ್‌ಗಳ ಚಿತ್ರಮಂದಿರಕ್ಕೆ ಹೋಗುವ ಹದಿಹರೆಯದವರು ಒಂದು ಕಡೆ. ಹಸನ್ ಕರಜಾದಾಗ್ 2006ರಲ್ಲಿ ಆರಂಭಿಸಿದ 'ದಾಬ್ಬೆ' ಸರಣಿಯನ್ನೂ ಆಲ್ಪೆರ್ ಮೆಸ್ತ್ಚಿ 2014ರಲ್ಲಿ ಆರಂಭಿಸಿದ 'ಸಿಜ್ಜೀನ್' ಸರಣಿಯನ್ನೂ ಗೆಲ್ಲಿಸಿದವರು ಇವರೇ. ಸಿನಿಮಾ ಓದುವ, ಚಿತ್ರೋತ್ಸವಗಳಿಗೆ ಹೋಗುವ ಗುಂಪು ಇನ್ನೊಂದು ಕಡೆ. ಜಿನ್ ಚಿತ್ರ ಎಂದ ಕೂಡಲೇ ಇವರು ಮೂಗು ಮುರಿಯುತ್ತಾರೆ. ಈ ಇಬ್ಬರಿಗೂ ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಜಿನ್ನು ಬೆಳಕಿಗೆ ಬಂದು ಪೂರ್ತಿ ಮುಖ ತೋರಿಸಿದ ಕೂಡಲೇ ಸಭಾಂಗಣದಲ್ಲಿ ನಗು ಏಳುತ್ತದೆ. ಅದೇ ಚಿತ್ರದಲ್ಲಿ ಜಿನ್ನು ಮೆಟ್ಟಿಕೊಂಡ ಹೆಂಗಸಿನ ತುಟಿ ಒಡೆದು, ಕಣ್ಣಿನ ಸುತ್ತ ಕಪ್ಪು ಕಟ್ಟಿ, ಕೆನ್ನೆಯ ಚರ್ಮ ಬಿಗಿದಾಗ ಒಬ್ಬರೂ ನಗುವುದಿಲ್ಲ.

ಹೆದರಿಸುವುದು ಅಪರಿಚಿತ ಮುಖವಲ್ಲ, ಪರಿಚಿತ ಮುಖ ಕೆಟ್ಟುಹೋಗುವುದು ಎಂಬುದು ನನ್ನ ವಾದ. ಟರ್ಕಿಯ ಚಿತ್ರೋದ್ಯಮ ತನ್ನ ಪ್ರಸಾಧನದ ದುಡ್ಡನ್ನೆಲ್ಲ ತಪ್ಪು ಮುಖಕ್ಕೆ ಸುರಿಯುತ್ತಿದೆ. ಒಪ್ಪದವರು ಬನ್ನಿ.

ರಾತ್ರಿ ಆಟ

ನಾನು ಒಪ್ಪುವುದಿಲ್ಲ. ಪ್ರಸಾಧನಕ್ಕೆ ನೀವು ಕೊಡುತ್ತಿರುವ ಸ್ಥಾನ ಬಹಳ ದೊಡ್ಡದಾಯಿತು. 2013ರ 'ದಾಬ್ಬೆ: ಜಿನ್ ಚಾರ್ಪ್ಮಾಸಿ' ನನ್ನ ಪ್ರಕಾರ ಇಡೀ ಸರಣಿಯಲ್ಲೇ ಗಟ್ಟಿಯಾದ ಚಿತ್ರ. ಮದುವೆಗೆ ಮುಂಚಿನ ಮೆಹಂದಿಯ ರಾತ್ರಿ ವಧು ಕುಬ್ರಾಳ ಮೇಲೆ ಜಿನ್ನು ಬರುತ್ತದೆ. ಮಂತ್ರವಾದಿಯ ಬಣ್ಣ ಬಯಲು ಮಾಡಬೇಕೆಂದು ಮನೋವೈದ್ಯೆಯೊಬ್ಬಳು ಕ್ಯಾಮೆರಾ ಹಿಡಿದು ಹೊರಡುತ್ತಾಳೆ. ಕೈಯಲ್ಲಿ ಹಿಡಿದ ಕ್ಯಾಮೆರಾ, ಹೊಯ್ದಾಡುವ ಬೆಳಕು, ಗೋಡೆಯಾಚೆಯ ಸದ್ದು ಸೇರಿ ಕೆಲಸ ಮುಗಿಸುತ್ತವೆ. ಅದರಲ್ಲಿ ಬರುವ ಕಿಬ್ಲೆದೆರೆ ಎಂಬ ಹಳ್ಳಿ ನಿಜವಾಗಿಯೂ ಇದೆಯೇ ಎಂದು ಅಂತರ್ಜಾಲದಲ್ಲಿ ಹುಡುಕುವ ಟರ್ಕಿಯ ಹುಡುಗರು ಇಂದಿಗೂ ಇದ್ದಾರೆ. ಹಾಗೆ ಹುಡುಕುವಂತೆ ಮಾಡಿದ್ದು ಪ್ರಸಾಧನವೇ? ಅಲ್ಲ, ನಂಬಿಸುವ ನಿರೂಪಣೆ.

ಕರಜಾದಾಗ್ ಜಪಾನಿನಲ್ಲಿ ಸಿನಿಮಾ ಕಲಿತವರು. ಜಪಾನಿ ಭಯಾನಕ ಚಿತ್ರಗಳ ಉಸಿರು ಮೊದಲ 'ದಾಬ್ಬೆ'ಯಲ್ಲಿ ಕಾಣುತ್ತದೆ. ಜಪಾನಿನ ಆ ಚಿತ್ರಗಳೂ ಬಣ್ಣಕ್ಕಿಂತ ನಿಶ್ಶಬ್ದವನ್ನೇ ಹೆಚ್ಚು ನೆಚ್ಚಿದ್ದವು. ಅದೇ ನಿರ್ದೇಶಕರ 2008ರ 'ಸೆಮುಮ್' ನೋಡಿ: ಕಂಪ್ಯೂಟರಿನಲ್ಲಿ ಮಾಡಿದ ನರಕ, ಕಂಪ್ಯೂಟರಿನಲ್ಲಿ ಮಾಡಿದ ರಾಕ್ಷಸ. ಎಲ್ಲವನ್ನೂ ತೋರಿಸಿದ್ದಾರೆ, ಆದ್ದರಿಂದಲೇ ಯಾವುದೂ ನಾಟುವುದಿಲ್ಲ.

ಬಣ್ಣದ ಪೆಟ್ಟಿಗೆ

ಬೆಂಗಳೂರಿನಲ್ಲಿ ಚಲನಚಿತ್ರ ಮತ್ತು ಧಾರಾವಾಹಿಗಳಿಗೆ ಗಾಯ, ಸುಟ್ಟ ಕಲೆ, ವೃದ್ಧಾಪ್ಯದ ಪ್ರಸಾಧನ ಮಾಡುವುದು ನನ್ನ ವೃತ್ತಿ. ರಾತ್ರಿ ಆಟ ಅವರು ಕೊಟ್ಟ ಉದಾಹರಣೆ ಅವರ ವಾದಕ್ಕೇ ತಿರುಗಿ ಬೀಳುತ್ತದೆ. ಆ ಚಿತ್ರದ ಕುಬ್ರಾಳ ಮುಖವನ್ನು ಆರಂಭದಿಂದ ಕೊನೆಯವರೆಗೆ ಗಮನಿಸಿ ನೋಡಿ. ಅಲ್ಲಿ ಪ್ರಸಾಧನ ಇಲ್ಲವೆಂದಲ್ಲ, ನಿಮಗೆ ಕಾಣಲಿಲ್ಲ. ನಮ್ಮ ಕೆಲಸಕ್ಕೆ ಅದಕ್ಕಿಂತ ದೊಡ್ಡ ಗೌರವ ಇಲ್ಲ.

1973ರ 'ದಿ ಎಕ್ಸಾರ್ಸಿಸ್ಟ್' ಎಂದಾಗ ಎಲ್ಲರೂ ನೆನೆಯುವುದು ದೆವ್ವ ಮೆಟ್ಟಿದ ಹುಡುಗಿಯ ಸೀಳಿದ ಮುಖವನ್ನು. ಅದನ್ನು ಮಾಡಿದ ಡಿಕ್ ಸ್ಮಿತ್ ಅದೇ ಚಿತ್ರದಲ್ಲಿ ಇನ್ನೊಂದು ಕೆಲಸ ಮಾಡಿದ್ದರು. ನಲವತ್ತು ದಾಟಿ ಮೂರು ನಾಲ್ಕು ವರ್ಷವಷ್ಟೇ ಆಗಿದ್ದ ಮ್ಯಾಕ್ಸ್ ವಾನ್ ಸಿಡೋ ಅವರನ್ನು ಹಣ್ಣುಹಣ್ಣು ಮುದುಕ ಪಾದ್ರಿಯನ್ನಾಗಿ ಮಾಡಿದ್ದರು. ಪ್ರೇಕ್ಷಕರಿಗೆ ಅದು ಪ್ರಸಾಧನ ಎಂದೇ ಹೊಳೆಯಲಿಲ್ಲ.

ಇನ್ನು ಜಿನ್ನಿನ ಮುಖಕ್ಕೆ ಏಕೆ ನಗು ಬರುತ್ತದೆ ಎಂಬುದಕ್ಕೆ ಕುಶಲಕರ್ಮಿಯ ಉತ್ತರ ಹೇಳುತ್ತೇನೆ. ನಟನ ಮುಖದ ಮೇಲೆ ಆಲ್ಜಿನೇಟ್ ಎಂಬ ಅಚ್ಚಿನ ಲೇಪ ಹಚ್ಚಿ ಅಚ್ಚು ತೆಗೆಯಬೇಕು. ಆ ಅಚ್ಚಿನಲ್ಲಿ ಪ್ಲಾಸ್ಟರ್ ಹೊಯ್ದು ಮುಖದ ಪ್ರತಿರೂಪ ಮಾಡಿ, ಅದರ ಮೇಲೆ ಜೇಡಿಮಣ್ಣಿನಲ್ಲಿ ಹೊಸ ಮುಖ ಕೆತ್ತಬೇಕು. ಅದಕ್ಕೆ ಮತ್ತೊಂದು ಅಚ್ಚು ಮಾಡಿ ಸಿಲಿಕೋನ್ ಸುರಿದರೆ ತುಣುಕುಗಳು ಸಿಗುತ್ತವೆ. ಹಣೆಗೊಂದು, ಕೆನ್ನೆಗೊಂದು, ಗದ್ದಕ್ಕೊಂದು ಎಂದು ಬೇರೆ ಬೇರೆ ಮಾಡಿದರೆ ಮಾತ್ರ ಕೆಳಗಿನ ಸ್ನಾಯು ಅಲುಗಿದಂತೆ ಮೇಲಿನ ಚರ್ಮವೂ ಅಲುಗುತ್ತದೆ. ದುಡ್ಡಿಲ್ಲದ ಕಡೆ ಇಷ್ಟೂ ಬಿಟ್ಟು ತಲೆಯ ಮೇಲಿಂದ ಎಳೆದು ಹಾಕುವ ಒಂದೇ ಲೇಟೆಕ್ಸ್ ಮುಖವಾಡ ತರುತ್ತಾರೆ. ಒಳಗಿನ ನಟ ಎಷ್ಟೇ ಕಿರುಚಿದರೂ ಹೊರಗಿನ ಮುಖ ಸತ್ತಂತಿರುತ್ತದೆ. ನೋಡುಗನ ಕಣ್ಣು ಅದನ್ನು ಅರೆಕ್ಷಣದಲ್ಲಿ ಹಿಡಿಯುತ್ತದೆ. ಇಪ್ಪತ್ತು ವರ್ಷದ ಹುಡುಗರಂತೂ ಮೊಬೈಲಿನಲ್ಲಿ ಪ್ರಸಾಧನದ ವಿಡಿಯೋ ನೋಡಿಕೊಂಡೇ ಬೆಳೆದವರು, ಅವರ ಕಣ್ಣು ನಮ್ಮ ಕಾಲದವರ ಕಣ್ಣಿಗಿಂತ ಚುರುಕು.

ಉಳ್ಳಾಲದ ಓದುಗ

ಚರ್ಚೆ ಚೆನ್ನಾಗಿದೆ, ಆದರೆ ಬೇರಿಗೆ ಯಾರೂ ಕೈ ಹಾಕಲಿಲ್ಲ. ಜಿನ್ನು ಟರ್ಕಿಯ ಯುವಕರಿಗೆ ಕಥೆಗಾರ ಕಟ್ಟಿದ ಪ್ರಾಣಿಯಲ್ಲ. ಕುರ್‌ಆನಿನ 72ನೆಯ ಅಧ್ಯಾಯದ ಹೆಸರೇ ಅಲ್-ಜಿನ್ನ್. ಮನುಷ್ಯನನ್ನು ಮಣ್ಣಿನಿಂದಲೂ ಜಿನ್ನನ್ನು ಹೊಗೆಯಿಲ್ಲದ ಬೆಂಕಿಯಿಂದಲೂ ಸೃಷ್ಟಿಸಲಾಯಿತು ಎಂದು 55ನೆಯ ಅಧ್ಯಾಯ ಹೇಳುತ್ತದೆ. ನಮ್ಮ ಕರಾವಳಿಯ ಮುಸ್ಲಿಂ ಮನೆಗಳಲ್ಲಿ ಬೆಳೆದವರಿಗೂ ಇದು ಹೊಸದಲ್ಲ. ಮುಸ್ಸಂಜೆಯ ಹೊತ್ತಿಗೆ ಮಕ್ಕಳನ್ನು ಅಂಗಳದಿಂದ ಒಳಗೆ ಕರೆಯುತ್ತಿದ್ದ ಅಜ್ಜಿ ಕಾರಣ ಹೇಳುತ್ತಿರಲಿಲ್ಲ. ನಮಗೆ ಕಾರಣ ಗೊತ್ತಿತ್ತು.

'ಸಿಜ್ಜೀನ್' ಎಂಬ ಹೆಸರು ಬಂದಿರುವುದು 83ನೆಯ ಅಧ್ಯಾಯದಿಂದ, ದುಷ್ಟರ ಕರ್ಮಗಳ ದಾಖಲೆ ಎಂಬ ಅರ್ಥದಲ್ಲಿ. 'ದಾಬ್ಬೆ'ಯ ಹಿಂದಿರುವುದು ಅಂತ್ಯಕಾಲದಲ್ಲಿ ನೆಲದಿಂದ ಹೊರಬರುವ ಜೀವಿಯ ಪ್ರಸ್ತಾಪ, 27ನೆಯ ಅಧ್ಯಾಯದ್ದು. ಇಂಥ ಹೆಸರು ಪೋಸ್ಟರಿನ ಮೇಲೆ ಕಂಡರೆ ಸಾಕು, ಮುದುಡಿಕೊಳ್ಳುವವರು ಎಷ್ಟೋ ಜನ. 2023ರಲ್ಲಿ ಇಂಡೋನೇಷ್ಯಾದವರು 'ಸಿಜ್ಜೀನ್' ಚಿತ್ರವನ್ನು 'ಸಿಜ್ಜಿನ್' ಎಂದು ಮತ್ತೆ ತೆಗೆದರು. ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ; ಹೆದರಿಕೆ ಮಾತ್ರ ಒಂದೇ.

ಬೆಂಕಿಯಿಂದಾದ, ಕಣ್ಣಿಗೆ ಬೀಳದ ಜೀವಿಗೆ ರಬ್ಬರಿನ ಹಲ್ಲು ಹಚ್ಚಿದರೆ ನಂಬುವವನಿಗೆ ಅದು ಸುಳ್ಳಾಗಿ ಕಾಣುತ್ತದೆ, ನಂಬದವನಿಗೆ ನಗೆಯಾಗಿ. ಎರಡೂ ಕಡೆ ನಷ್ಟ.

ಪೋರ್ಸುಕ್ ದಂಡೆ

ಉಳ್ಳಾಲದ ಓದುಗ ಅವರೇ, ಇಲ್ಲಿನ ಮನೆಗಳಲ್ಲೂ ಹಾಗೆಯೇ. ಜಿನ್ ಎಂಬ ಹೆಸರು ನಾಲಿಗೆಗೆ ತರದೆ ಊಚ್ ಹಾರ್ಫ್ಲಿಲೆರ್, ಅಂದರೆ ಮೂರು ಅಕ್ಷರದವರು ಎನ್ನುತ್ತಾರೆ. ರಾತ್ರಿ ಬಿಸಿನೀರು ನೆಲಕ್ಕೆ ಚೆಲ್ಲುವಾಗ ಹಿರಿಯರು 'ದೆಸ್ತೂರ್' ಎಂದು ಅನುಮತಿ ಕೇಳುತ್ತಾರೆ. ಎಂಜಿನಿಯರಿಂಗ್ ಓದುವ ನನ್ನ ಕೊಠಡಿಯ ಗೆಳತಿ ಇದೆಲ್ಲ ಮೂಢನಂಬಿಕೆ ಎಂದು ಖಡಾಖಂಡಿತವಾಗಿ ಹೇಳುತ್ತಾಳೆ. ಜಿನ್ ಚಿತ್ರ ನೋಡಿದ ರಾತ್ರಿ ಮಾತ್ರ ಹಜಾರದ ದೀಪ ಆರಿಸಲು ಬಿಡುವುದಿಲ್ಲ.

ಹೆರಿಗೆಯಾದವಳನ್ನು ಕಾಡುವ ಆಲ್ ಕಾರಿಸಿ ಎಂಬ ಕೆಂಪು ಹೆಣ್ಣು ಇನ್ನೊಬ್ಬಳು. ಬಾಣಂತಿಗೆ 40 ದಿನ ಅವಳ ಭಯ. ತಲೆಗೆ ಕೆಂಪು ಪಟ್ಟಿ ಕಟ್ಟುವುದು, ಹಾಸಿಗೆಯ ಬಳಿ ಕಬ್ಬಿಣ ಇಡುವುದು ಅನಾತೋಲಿಯದ ಹಳ್ಳಿಗಳ ಹಳೆಯ ರೂಢಿ. ನಿದ್ದೆಯಲ್ಲಿ ಎದೆಯ ಮೇಲೆ ಕೂರುವುದು ಕರಾಬಸಾನ್. ಇವುಗಳ ಮುಖ ಹೀಗೇ ಇರುತ್ತದೆ ಎಂದು ಖಚಿತವಾಗಿ ಹೇಳುವವರು ಯಾರೂ ಇಲ್ಲ, ನೋಡಿದೆ ಎನ್ನುವ ಒಬ್ಬೊಬ್ಬರ ವರ್ಣನೆಯೂ ಒಂದೊಂದು.

ಮೆಸ್ತ್ಚಿ 2007ರಲ್ಲಿ ತೆಗೆದ 'ಮುಸಲ್ಲತ್' ಇದನ್ನು ಜಾಣತನದಿಂದ ಬಳಸಿತು. ದುಡಿಯಲು ಜರ್ಮನಿಗೆ ಹೋದ ಸುವಾತ್, ಊರಿನಲ್ಲಿ ಉಳಿದ ಹೆಂಡತಿ ನುರ್ಜಾನ್. ಜಿನ್ನು ಅವಳ ಬಳಿಗೆ ಬರುವುದು ಗಂಡನ ರೂಪದಲ್ಲೇ. ಬುರಾಕ್ ಓಜ್ಚಿವಿತ್ ಅವರ ಮುಖಕ್ಕೆ ಏನೂ ಹಚ್ಚದೆ ಇಡೀ ಚಿತ್ರದ ಭಯ ಅದರ ಮೇಲೆ ನಿಲ್ಲುತ್ತದೆ. ಗಂಡು ಯುರೋಪಿಗೆ ದುಡಿಯಲು ಹೋಗಿ ವರ್ಷಗಟ್ಟಲೆ ಬಾರದ ಮನೆಗಳು ಈ ದೇಶದಲ್ಲಿ ಎಷ್ಟಿವೆ ಎಂಬುದನ್ನು ನೆನೆದರೆ ಆ ಕಥೆ ಯಾವ ಗಾಯವನ್ನು ಕೆದಕುತ್ತದೆ ಎಂದು ತಿಳಿಯುತ್ತದೆ. ನನ್ನ ಸಹಪಾಠಿಗಳಲ್ಲಿ ಜಿನ್ ಚಿತ್ರಗಳನ್ನು ಸಾರಾಸಗಟು ತಿರಸ್ಕರಿಸುವವರೂ ಈ ಒಂದನ್ನು ಹೊರಗಿಡುತ್ತಾರೆ.

ಹಳೆಯ ರೀಲು

ಎಲ್ಲರೂ 2006ರ ಈಚಿನ ಟರ್ಕಿಯ ಚಿತ್ರಗಳ ಬಗ್ಗೆಯಷ್ಟೇ ಮಾತಾಡುತ್ತಿದ್ದೀರಿ. ಹಿಂದೆ ಹೋಗೋಣ. ಮೆಹ್ಮೆತ್ ಮುಹ್ತಾರ್ ನಿರ್ದೇಶನದ 'ಡ್ರಾಕುಲಾ ಇಸ್ತಾನ್‌ಬುಲ್ದಾ' ಬಂದದ್ದು 1953ರಲ್ಲಿ. ಅದರ ಮೂಲ ಅಲಿ ರಿಜಾ ಸೆಯ್ಫಿ 1928ರಲ್ಲಿ ಬರೆದ ಕಾದಂಬರಿ. ಆತೀಫ್ ಕಾಪ್ತಾನ್ ಬೋಳುತಲೆಯ ಡ್ರಾಕುಲಾ ಆಗಿದ್ದಾರೆ. ಬೆಲಾ ಲುಗೋಸಿ ನಟಿಸಿದ 1931ರ ಹಾಲಿವುಡ್ ಚಿತ್ರದಲ್ಲಿ ಕೋರೆಹಲ್ಲು ತೋರಿಸಿರಲೇ ಇಲ್ಲ, ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ ಡ್ರಾಕುಲಾ ಬಂದದ್ದು 1958ರಲ್ಲಿ. ನಡುವೆ ಇಸ್ತಾನ್‌ಬುಲ್‌ನ ಈ ಬಡ ಚಿತ್ರ ಕೋರೆಹಲ್ಲು ತೋರಿಸಿತು. ಶಿಲುಬೆಯ ಜಾಗದಲ್ಲಿ ಬೆಳ್ಳುಳ್ಳಿಯೇ ಕೆಲಸ ಮಾಡಿತು. ಸ್ಮಶಾನದ ಮಂಜಿಗೆ ಯಂತ್ರವಿಲ್ಲದೆ ಚಿತ್ರತಂಡದವರೆಲ್ಲ ಕೂಡಿ ಸಿಗರೇಟು ಸೇದಿ ಹೊಗೆ ಬಿಟ್ಟರು ಎಂಬ ಕಥೆ ಆ ಚಿತ್ರದ ಸುತ್ತ ಪ್ರಚಲಿತವಾಗಿದೆ.

ಆಮೇಲೆ ಇಪ್ಪತ್ತು ವರ್ಷ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. ಯೆಶಿಲ್‌ಚಾಮ್ ಅಂದರೆ ಇಸ್ತಾನ್‌ಬುಲ್‌ನ ಹಳೆಯ ಚಿತ್ರೋದ್ಯಮ 1972ರಲ್ಲಿ ಸುಮಾರು 300 ಚಿತ್ರ ತೆಗೆದಿದ್ದರೂ ಭಯಾನಕ ಚಿತ್ರಗಳು ಬೆರಳೆಣಿಕೆಯಷ್ಟು. 1974ರಲ್ಲಿ ಮೆತಿನ್ ಎರ್ಕ್ಸಾನ್ 'ಷೆಯ್ತಾನ್' ತೆಗೆದರು. ಹತ್ತು ವರ್ಷ ಮುಂಚೆ ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಗೆದ್ದ ನಿರ್ದೇಶಕ ಅವರು. 'ದಿ ಎಕ್ಸಾರ್ಸಿಸ್ಟ್'ನ ದೃಶ್ಯಗಳನ್ನು ಒಂದೊಂದಾಗಿ ಮತ್ತೆ ತೆಗೆದು, ಪವಿತ್ರ ಜಲದ ಬದಲು ಮೆಕ್ಕಾದ ಜಮ್‌ಜಮ್ ನೀರು ಇಟ್ಟರು. ಹುಡುಗಿಯ ಮುಖಕ್ಕೆ ಹಚ್ಚಿದ್ದು ಬಣ್ಣದ ಮೆತ್ತಿಗೆ ಅಷ್ಟೇ. ಡಿಕ್ ಸ್ಮಿತ್ ಅವರ ಕೈಚಳಕಕ್ಕೂ ಇದಕ್ಕೂ ಇರುವ ಅಂತರವೇ ಎರಡು ಉದ್ಯಮಗಳ ನಡುವಿನ ಅಂತರ. ಇಂದು ಅಲ್ಲಿನ ಯುವಕರು ಅದನ್ನು ಗೆಳೆಯರ ಜೊತೆ ನಗಲೆಂದೇ ನೋಡುತ್ತಾರೆ. ನನಗೆ ಅದು ನೋವಿನ ಸಂಗತಿ. ಕೈಯಲ್ಲಿ ಏನೂ ಇಲ್ಲದೆ ಮಾಡಿದವರ ಶ್ರಮಕ್ಕೆ ನಗು ಸಲ್ಲದು.

ಪೋರ್ಸುಕ್ ದಂಡೆ

ಹಳೆಯ ರೀಲು ಅವರಿಗೆ ಒಂದು ಸಮಾಧಾನದ ಮಾತು. ಇಲ್ಲಿ ಯಾರನ್ನಾದರೂ ಬಾಲ್ಯದಲ್ಲಿ ಅತಿ ಹೆಚ್ಚು ಹೆದರಿಸಿದ ಪ್ರಸಾಧನ ಯಾವುದೆಂದು ಕೇಳಿದರೆ 'ಸ್ಯೂತ್ ಕಾರ್ದೆಶ್ಲೆರ್' ಎನ್ನುತ್ತಾರೆ. 1976ರ ಹಾಸ್ಯಚಿತ್ರ ಅದು, ಎರ್ತೆಮ್ ಎಯಿಲ್ಮೆಜ್ ಅವರದು, ಕೆಮಾಲ್ ಸುನಾಲ್ ಮತ್ತು ಶೆನೆರ್ ಶೆನ್ ನಟಿಸಿದ್ದು. ಹುಸೇಯಿನ್ ರಹ್ಮಿ ಗ್ಯುರ್ಪಿನಾರ್ ಕಾದಂಬರಿಯ ಗುಲ್ಯಾಬಾನಿ ಎಂಬ ಭೂತ ಅಲ್ಲಿ ಬರುತ್ತಾನೆ: ಆಳೆತ್ತರವನ್ನು ಮೀರಿದ ದೇಹ, ಉದ್ದ ಗಡ್ಡ. ಕಥೆಯಲ್ಲೇ ಅದು ವೇಷ ಎಂದು ಬಯಲಾಗುತ್ತದೆ. ಟಿವಿಯಲ್ಲಿ ಮತ್ತೆ ಮತ್ತೆ ಬಂದ ಆ ಚಿತ್ರ ನೋಡಿ ನಡುರಾತ್ರಿ ಅತ್ತ ಮಕ್ಕಳು ಈಗ ವಿಶ್ವವಿದ್ಯಾಲಯಕ್ಕೆ ಬಂದಿದ್ದಾರೆ. ಬಟ್ಟೆ, ಕೂದಲು, ಎತ್ತರ ಇಷ್ಟರಲ್ಲೇ ಆದ ಕೆಲಸ ಅದು.

ಸಂಕಲನದ ಮೇಜು

ಸಂಕಲನಕಾರನಾಗಿ ಒಂದು ಮಾತು ಸೇರಿಸುತ್ತೇನೆ. ಸಿಲಿಕೋನ್ ತುಣುಕು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅರ್ಧ ಪಾಲು ನನ್ನ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಸೆಕೆಂಡಿಗೆ 24 ಚೌಕಟ್ಟು. ಮುಖವನ್ನು ಎಂಟು ಚೌಕಟ್ಟು ತೋರಿಸಿ ಕತ್ತರಿಸಿದರೆ ನೋಡುಗನ ಮನಸ್ಸು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಎರಡು ಸೆಕೆಂಡು ಬಿಟ್ಟರೆ ಅಂಚು ಎಲ್ಲಿದೆ, ಅಂಟು ಎಲ್ಲಿ ಬಿಟ್ಟಿದೆ ಎಂದು ಕಣ್ಣು ಹುಡುಕತೊಡಗುತ್ತದೆ. ಪ್ರಸಾಧನಕ್ಕೆ ದುಡ್ಡು ಕೊಟ್ಟ ನಿರ್ಮಾಪಕ ಅದನ್ನು ಹೆಚ್ಚು ಹೊತ್ತು ತೋರಿಸಿ ಎಂದು ಒತ್ತಾಯಿಸುತ್ತಾನೆ. ಅಲ್ಲಿಗೆ ಕೆಲಸ ಕೆಟ್ಟಿತು.

ಟರ್ಕಿಯ ಚಿತ್ರಮಂದಿರಗಳಲ್ಲಿ ನಮ್ಮ ಹಾಗೆಯೇ ಮಧ್ಯಂತರ ವಿರಾಮ ಇದೆಯಂತೆ. ಅದರ ಬಗ್ಗೆ ಅಲ್ಲಿನವರು ಏನೆನ್ನುತ್ತಾರೆ?

ಪೋರ್ಸುಕ್ ದಂಡೆ

ಹೌದು, ಬಹಳಷ್ಟು ಕಡೆ ಹತ್ತು ನಿಮಿಷದ ವಿರಾಮ ಇಂದಿಗೂ ಇದೆ. ಭಯಾನಕ ಚಿತ್ರಪ್ರಿಯರು ಅದನ್ನು ಶಪಿಸುತ್ತಾರೆ. ದೀಪ ಹತ್ತಿ, ಪಾಪ್‌ಕಾರ್ನ್ ಕೊಂಡು, ಕಂಡದ್ದಕ್ಕೆಲ್ಲ ನಕ್ಕು ಬಂದವರನ್ನು ಮತ್ತೆ ಹೆದರಿಸಲು ನಿರ್ದೇಶಕ ಮೊದಲಿನಿಂದ ಆರಂಭಿಸಬೇಕು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನೋಡುವುದೇ ಮೇಲು ಎನ್ನುವವರು ಹೆಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣ.

ಟಿವಿಯ ಕಥೆ ಇನ್ನೊಂದು. ಇಲ್ಲಿನ ವಾಹಿನಿಗಳಲ್ಲಿ ಸಿಗರೇಟು, ಮದ್ಯ ಕಂಡರೆ ಮಸುಕು ಮಾಡುತ್ತಾರೆ. ರಕ್ತ ಮತ್ತು ಗಾಯವನ್ನೂ ಎಷ್ಟೋ ಸಲ ಹಾಗೆಯೇ ಮರೆಮಾಡುತ್ತಾರೆ. ಮಸುಕಾದ ಗಾಯ ನೋಡುತ್ತ ಬೆಳೆದ ತಲೆಮಾರು ಅಂತರ್ಜಾಲದಲ್ಲಿ ಮೊದಲ ಸಲ ಒಂದು ಒಳ್ಳೆಯ ಗಾಯವನ್ನು ಮಸುಕಿಲ್ಲದೆ ನೋಡಿ ಬೆರಗಾಯಿತು, ಹಾಗೂ ಅದನ್ನು ಮಾಡುವುದು ಹೇಗೆ ಎಂದು ಕೇಳಿತು.

ನನ್ನ ವಿಭಾಗದ ಹುಡುಗಿಯೊಬ್ಬಳು ಅಡುಗೆಮನೆಯಲ್ಲೇ ಸುಟ್ಟಗಾಯ ಮಾಡುತ್ತಾಳೆ. ಕಿರಾಣಿ ಅಂಗಡಿಯಲ್ಲಿ ಸಿಗುವ ದನದ ಜೆಲಟಿನ್ ಪುಡಿ, ಔಷಧ ಅಂಗಡಿಯ ಗ್ಲಿಸರಿನ್, ಸ್ವಲ್ಪ ನೀರು. ಇವನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುತ್ತಾಳೆ. ತನ್ನ ಒಳಮಣಿಕಟ್ಟಿಗೆ ಒಂದು ಹನಿ ಮುಟ್ಟಿಸಿ ಶಾಖ ನೋಡಿದ ಮೇಲೆಯೇ ಗೆಳತಿಯ ತೋಳಿಗೆ ಹಚ್ಚುವುದು. ಚಮಚದ ಬೆನ್ನಿನಿಂದ ಎಳೆದು, ಅರ್ಧ ಗಟ್ಟಿಯಾಗುವಾಗ ಹಲ್ಲುಕಡ್ಡಿಯಿಂದ ಕೆದಕಿ ಗುಳ್ಳೆ ಎಬ್ಬಿಸುತ್ತಾಳೆ. ಆಮೇಲೆ ಮೊದಲು ಹಳದಿ, ಅದರ ಮೇಲೆ ನೇರಳೆ, ಕಡೆಗೆ ಕೆಂಪು. ಬೇರೆಯವರು ಕೆಂಪಿನಿಂದ ಶುರುಮಾಡುತ್ತಾರೆ, ಅದಕ್ಕೇ ಅವರ ಗಾಯ ಜಾಮ್ ಮೆತ್ತಿದಂತೆ ಕಾಣುತ್ತದೆ ಎಂಬುದು ಅವಳ ಮಾತು. ಇಂಥವರು ಚಿತ್ರಮಂದಿರದಲ್ಲಿ ಕೂತಾಗ ಕಳಪೆ ಕೆಲಸವನ್ನು ಕ್ಷಮಿಸುವರೇ?

ಬಣ್ಣದ ಪೆಟ್ಟಿಗೆ

ಆ ಹುಡುಗಿಗೆ ನನ್ನ ಶಹಬ್ಬಾಸ್ ತಲುಪಿಸಿ. ಜೆಲಟಿನ್‌ನ ಗುಣ, ಅದು ಬೆಳಕನ್ನು ಚರ್ಮದ ಹಾಗೆ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ದೋಷ, ದೀಪಗಳ ಶಾಖಕ್ಕೂ ಬೆವರಿಗೂ ಕರಗುತ್ತದೆ. ಸಿಲಿಕೋನ್ ಕರಗುವುದಿಲ್ಲ, ಅದರ ಅಂಚನ್ನು ಆಲ್ಕೊಹಾಲ್ ಅಥವಾ ಅಸಿಟೋನ್ ಸವರಿ ಚರ್ಮದಲ್ಲಿ ಮಾಯ ಮಾಡಬಹುದು. ಆದರೆ ಎಣ್ಣೆಬಣ್ಣ ಅದರ ಮೇಲೆ ನಿಲ್ಲುವುದಿಲ್ಲ, ಆಲ್ಕೊಹಾಲಿನಲ್ಲಿ ಕರಗುವ ಬಣ್ಣವೇ ಬೇಕು. ಇವೆಲ್ಲ ದುಬಾರಿ, ಬಹುಪಾಲು ಆಮದು. ಟರ್ಕಿಯ ಲಿರಾ ಬೆಲೆ ಕಳೆದುಕೊಂಡ ಈ ವರ್ಷಗಳಲ್ಲಿ ಅಲ್ಲಿನ ನನ್ನ ವೃತ್ತಿಬಾಂಧವರ ಕಷ್ಟ ಊಹಿಸಬಲ್ಲೆ.

ರಾತ್ರಿ ಆಟ

ದುಡ್ಡಿನ ಕಾರಣ ಒಪ್ಪಿದೆ. ಹಾಗಾದರೆ ಇಷ್ಟು ಪ್ರತಿಭೆ ಇರುವಾಗ ಚಿತ್ರಗಳಲ್ಲಿ ಏಕೆ ಕಾಣುವುದಿಲ್ಲ? ಮತ್ತೆ ಜಾನ್ ಎವ್ರೆನೋಲ್ ಅವರ 'ಬಾಸ್ಕಿನ್' ಹೇಗೆ ಸಾಧ್ಯವಾಯಿತು? 2015ರಲ್ಲಿ ಟೊರಾಂಟೊ ಚಿತ್ರೋತ್ಸವದ ಮಧ್ಯರಾತ್ರಿ ವಿಭಾಗದಲ್ಲಿ ತೋರಿಸಿದ ಚಿತ್ರ ಅದು. ರಾತ್ರಿ ಪಾಳಿಯ ಪೊಲೀಸರು ಹಾಳುಬಿದ್ದ ಕಟ್ಟಡವೊಂದರೊಳಗೆ ನರಕಕ್ಕೆ ಇಳಿಯುತ್ತಾರೆ. ಮಾಂಸ, ಕೆಸರು, ರಕ್ತ ಎಲ್ಲವೂ ಮುಟ್ಟುವಂತಿದೆ. ಅಲ್ಲಿ ಜಿನ್ನೂ ಇಲ್ಲ, ಹೋಜಾ ಎಂಬ ಧರ್ಮಗುರು ಓದುವ ಮಂತ್ರವೂ ಇಲ್ಲ.

ಪೋರ್ಸುಕ್ ದಂಡೆ

ಪ್ರತಿಭೆ ಎಲ್ಲಿ ಹೋಗುತ್ತದೆ ಎಂದರೆ ಧಾರಾವಾಹಿಗಳಿಗೆ. ಇಲ್ಲಿನ ಧಾರಾವಾಹಿಯ ವಾರದ ಒಂದು ಕಂತು ಎರಡು ಗಂಟೆಯನ್ನು ಮೀರುತ್ತದೆ. ವಾರಕ್ಕೊಂದು ಪೂರ್ಣ ಚಲನಚಿತ್ರ ತೆಗೆದ ಹಾಗೆ. ಪ್ರಸಾಧನದವರು ಬೆಳಗಿನ ಜಾವದಿಂದ ನಾಯಕಿಯ ಕೆನ್ನೆ, ನಾಯಕನ ಗುಂಡೇಟು ಎಂದು ದುಡಿಯುತ್ತಾರೆ. ಸಂಬಳ ಅಲ್ಲಿದೆ. ಕೆಲವೇ ವಾರಗಳಲ್ಲಿ ಮುಗಿಯುವ ಜಿನ್ ಚಿತ್ರಕ್ಕೆ ಅವರು ಬಿಡುವಿನಲ್ಲಿ ಬರುತ್ತಾರೆ, ಮುಖದ ಅಚ್ಚು ತೆಗೆಯುವಷ್ಟು ಸಮಯವನ್ನೇ ಯಾರೂ ಕೊಡುವುದಿಲ್ಲ.

'ಬಾಸ್ಕಿನ್' ಬಗ್ಗೆ ಇಲ್ಲಿನ ಯುವಕರಲ್ಲಿ ದೊಡ್ಡ ವಾಗ್ವಾದವಿದೆ. ನರಕದ ಅಧಿಪತಿ ಬಾಬಾ ಪಾತ್ರದ ಮುಖ ಪ್ರಸಾಧನವೆಂದೇ ಬಹಳ ಮಂದಿ ತಿಳಿದಿದ್ದರು. ಆ ಪಾತ್ರ ಮಾಡಿದ ಮೆಹ್ಮೆತ್ ಜೆರ್ರಾಹೋಲು ಅವರಿಗೆ ಅಪರೂಪದ ಚರ್ಮದ ಸ್ಥಿತಿಯಿದೆ. ಅದು ಅವರ ಸ್ವಂತ ಮುಖ. ಇದು ತಿಳಿದ ಮೇಲೆ ಕೆಲವರಿಗೆ ಚಿತ್ರದ ಮೇಲೆ ಗೌರವ ಹೆಚ್ಚಿತು, ಕೆಲವರಿಗೆ ಕಸಿವಿಸಿಯಾಯಿತು. ನನ್ನ ತರಗತಿಯಲ್ಲಿ ಇದರ ಮೇಲೆ ಜೋರು ಚರ್ಚೆಯೇ ನಡೆಯಿತು.

ಉಳ್ಳಾಲದ ಓದುಗ

ನಾನು ಕಸಿವಿಸಿಯ ಪಕ್ಷ. ಭಿನ್ನವಾದ ಮುಖ ಎಂದರೆ ಕೇಡು ಎಂದು ಸಿನಿಮಾ ನೂರು ವರ್ಷದಿಂದ ಹೇಳಿಕೊಂಡು ಬಂದಿದೆ. ಸುಟ್ಟ ಕಲೆ ಇರುವವನು ಖಳ, ಒಕ್ಕಣ್ಣ ಖಳ. ರಸ್ತೆಯಲ್ಲಿ ಜನ ದಿಟ್ಟಿಸುವುದನ್ನು ದಿನವೂ ಸಹಿಸುವವರಿಗೆ ಇದರಿಂದ ಆಗುವ ಗಾಯವನ್ನು ಅಳೆಯಲು ನೀವು ಹೇಳುವ ಯಾವ ಜೆಲಟಿನ್ ಸಾಲದು.

ಸಂಕಲನದ ಮೇಜು

ನಾನು ಇನ್ನೊಂದು ಪಕ್ಷ. ಜೆರ್ರಾಹೋಲು ಅಲ್ಲಿ ಬರೀ ಮುಖವಾಗಿ ಬರುವುದಿಲ್ಲ. ಮೆಲುದನಿ, ನಿಧಾನದ ಕೈಸನ್ನೆ, ಪೊಲೀಸನ ಮುಖ ಹಿಡಿದು ನೋಡುವ ರೀತಿ ಎಲ್ಲವೂ ನಟನೆ. ಅವರಿಗೆ ಪಾತ್ರವನ್ನೇ ನಿರಾಕರಿಸಿ, ಚೆಂದದ ನಟನೊಬ್ಬನಿಗೆ ಸಿಲಿಕೋನ್ ಅಂಟಿಸಿ ಅದೇ ಮುಖ ಮಾಡಿದ್ದರೆ ಅದು ಹೆಚ್ಚು ನ್ಯಾಯವಾಗುತ್ತಿತ್ತೇ? ಅವರಿಗೆ ಮುಂದೆ ಒಬ್ಬ ತಂದೆಯ, ಒಬ್ಬ ಅಂಗಡಿಕಾರನ ಪಾತ್ರವೂ ಸಿಗಬೇಕಿತ್ತು ಎನ್ನುವುದಾದರೆ ನಾನೂ ದನಿಗೂಡಿಸುತ್ತೇನೆ.

ಬಣ್ಣದ ಪೆಟ್ಟಿಗೆ

ಎವ್ರೆನೋಲ್ ಅವರೇ 2019ರಲ್ಲಿ 'ಪೆರಿ: ಆಜಿ ಓಲ್ಮಾಯಾನ್ ಕಿಜ್' ಮಾಡಿದರಲ್ಲ. ಬಾಯಿಯಿಲ್ಲದೆ ಹುಟ್ಟಿದ ಹುಡುಗಿ, ಅವಳ ಜೊತೆಗೆ ಕಣ್ಣಿಲ್ಲದ, ಮೂಗಿಲ್ಲದ, ಕಿವಿಯಿಲ್ಲದ ಮಕ್ಕಳು. ಅಲ್ಲಿ ಪ್ರಸಾಧನ ಹೊತ್ತ ಮಕ್ಕಳೇ ನಾಯಕರು, ಏನೂ ಹಚ್ಚದ ದೊಡ್ಡವರೇ ಭಯ ಹುಟ್ಟಿಸುವವರು. ಬಾಯಿ ಮುಚ್ಚಿದ ಮೇಲೆ ನಟಿಗೆ ಉಳಿಯುವುದು ಕಣ್ಣು ಮಾತ್ರ. ಆದ್ದರಿಂದ ಕಣ್ಣಿನ ಕೆಳಗಿನ ಒಂದು ಅಂಗುಲ ಜಾಗಕ್ಕೆ ತುಣುಕು ತಾಗದಂತೆ ಅಂಚನ್ನು ಕೆಳಗಿಳಿಸಬೇಕಾಗುತ್ತದೆ. ಅಲ್ಲಿನ ಸ್ನಾಯು ಬಂಧಿಯಾದರೆ ನಟನೆ ಸತ್ತಂತೆ. ಉಳ್ಳಾಲದ ಓದುಗ ಅವರು ಈ ಚಿತ್ರ ನೋಡಿ ಬಂದು ಮತ್ತೆ ಮಾತಾಡಬೇಕೆಂದು ನನ್ನ ಕೋರಿಕೆ.

ಹಳೆಯ ರೀಲು

ಒಂದು ಪ್ರಶ್ನೆ. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಟರ್ಕಿಯಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂಥದ್ದನ್ನು ಕಂಡ ಯುವಕರು ರಕ್ತದ ಪ್ರಸಾಧನವನ್ನು ಮೊದಲಿನ ಹಾಗೆ ನೋಡಬಲ್ಲರೇ? 1999ರ ಭೂಕಂಪದ ಭಯವನ್ನು ಇಟ್ಟುಕೊಂಡು ತಾಯ್ಲಾನ್ ಸಹೋದರರು 2006ರಲ್ಲಿ 'ಕ್ಯುಚುಕ್ ಕಿಯಾಮೆತ್' ಮಾಡಿದ್ದರು. ಆ ದೇಶದ ಅತ್ಯುತ್ತಮ ಭಯಾನಕ ಚಿತ್ರ ಅದೇ ಎಂದು ನಾನು ನಂಬಿದ್ದೇನೆ.

ಪೋರ್ಸುಕ್ ದಂಡೆ

ನೋಡಬಲ್ಲರು, ಆದರೆ ಎಲ್ಲವನ್ನೂ ಅಲ್ಲ. ಆ ಭೂಕಂಪಕ್ಕೆ ತುತ್ತಾದ ಹತಾಯ್ ಕಡೆಯಿಂದ ಬಂದ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿದ್ದಾರೆ. ಕತ್ತು ಸೀಳಿದ ದೃಶ್ಯಕ್ಕೆ ಅವರು ಎಲ್ಲರಂತೆ ಕೂಗುತ್ತಾರೆ, ನಗುತ್ತಾರೆ. ಮುಖಕ್ಕೆ ಬೂದು ಧೂಳು ಮೆತ್ತಿ, ರೆಪ್ಪೆಗೂದಲು ಬೆಳ್ಳಗಾಗಿ, ತುಟಿ ಒಣಗಿದ ಪ್ರಸಾಧನ ಪರದೆಯ ಮೇಲೆ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಒಂದು ಕಿರುಚಿತ್ರದ ತಾಲೀಮಿನಲ್ಲಿ ಹಾಗಾದ ಮೇಲೆ ಆ ಅಡುಗೆಮನೆಯ ಹುಡುಗಿ ಧೂಳಿನ ಕೆಲಸ ಮಾಡುವುದಿಲ್ಲ ಎಂದು ನಿರ್ದೇಶಕನಿಗೆ ನೇರವಾಗಿ ಹೇಳಿದಳು. ಮುಲ್ತಾನಿ ಮಿಟ್ಟಿಯಂಥ ಪುಡಿಯೊಂದನ್ನು ಕುಂಚದಿಂದ ಉದುರಿಸಿದರೆ ಮುಗಿಯುವ, ಅತ್ಯಂತ ಅಗ್ಗದ ಪ್ರಸಾಧನ ಅದು.

ರಾತ್ರಿ ಆಟ

ನನ್ನ ಮಾತನ್ನು ಪೂರ್ತಿ ಹಿಂತೆಗೆಯುವುದಿಲ್ಲ, ಶಬ್ದವೇ ಮೊದಲು. ಆದರೂ ಹೊಸದೇನಾದರೂ ಇದ್ದರೆ ಹೇಳಿ. ಪ್ರಸಾಧನಕ್ಕಾಗಿಯೇ ನೋಡಬೇಕಾದದ್ದು, ಟರ್ಕಿಯದ್ದೇ, ಜಿನ್ನು ಇಲ್ಲದ್ದು.

ಪೋರ್ಸುಕ್ ದಂಡೆ

'ಯಾರಾತಿಲಾನ್' ನೋಡಿ. ಚಾಆನ್ ಇರ್ಮಾಕ್ ನಿರ್ದೇಶನ, 2023, ಎಂಟು ಕಂತು, ನೆಟ್‌ಫ್ಲಿಕ್ಸ್‌ನಲ್ಲಿದೆ. ಫ್ರಾಂಕೆನ್‌ಸ್ಟೈನ್ ಕಥೆಯನ್ನು ಉಸ್ಮಾನಿ (ಆಟೊಮನ್) ಕಾಲದ ನೆಲದಲ್ಲಿ ಬಿತ್ತಿದ್ದಾರೆ. ತಾನೇರ್ ಓಲ್ಮೆಜ್ ಹಟಮಾರಿ ವೈದ್ಯ ವಿದ್ಯಾರ್ಥಿ ಜಿಯಾ. ಸತ್ತು ಮರಳಿ ಬರುವ ಇಹ್ಸಾನ್ ಪಾತ್ರ ಎರ್ಕಾನ್ ಕೋಲ್ಚಾಕ್ ಕ್ಯೋಸ್ತೆಂದಿಲ್ ಅವರದು. ಬದುಕಿದ್ದಾಗಿನ ಇಹ್ಸಾನ್ ನಮಗೆ ಚೆನ್ನಾಗಿ ಪರಿಚಯವಾಗುವವರೆಗೆ ಕಥೆ ಅವಸರ ಮಾಡುವುದಿಲ್ಲ. ಆಮೇಲೆ ಅದೇ ಮನುಷ್ಯ ಗಾಯದ ಮುಖ ಹೊತ್ತು ಎದ್ದಾಗ ಕಲೆಗಳ ನಡುವೆ ಹಳೆಯ ಮುಖವನ್ನು ಹುಡುಕುತ್ತೇವೆ. ಇಲ್ಲಿ ಅದನ್ನು ನೋಡಿದ ಗೆಳೆಯರಲ್ಲಿ ಜಿನ್ ಚಿತ್ರದ ಅಭಿಮಾನಿಗಳೂ ಚಿತ್ರೋತ್ಸವದವರೂ ಇದ್ದರು. ಇಹ್ಸಾನ್‌ನನ್ನು ಊರಿನವರು ಅಟ್ಟುವಾಗ ಎರಡೂ ಗುಂಪಿನವರು ಅವನ ಪರವಾಗಿಯೇ ಕೂತಿದ್ದರು.

ಬಣ್ಣದ ಪೆಟ್ಟಿಗೆ ಅವರು ನೋಡಿದ ಮೇಲೆ ಒಂದು ವಿಷಯ ತಿಳಿಸಬೇಕು. ಅವನು ಮಾತಾಡುವಾಗ ಕೆನ್ನೆಯ ಕಲೆ ಚರ್ಮದ ಜೊತೆಗೇ ಮಡಿಸುತ್ತದೆ. ಅದು ಒಂದೇ ತುಣುಕೇ, ನೀವು ಹೇಳಿದಂತೆ ಬೇರೆ ಬೇರೆ ತುಣುಕುಗಳೇ? ನಮ್ಮ ವಿಭಾಗದ ಹುಡುಗಿ ಮೂರು ಎನ್ನುತ್ತಾಳೆ, ಅವಳ ಗೆಳೆಯ ಎರಡು ಎಂದು ಪಟ್ಟು ಹಿಡಿದಿದ್ದಾನೆ.

ಬಣ್ಣದ ಪೆಟ್ಟಿಗೆ

ಇಂದು ರಾತ್ರಿಯೇ ನೋಡುತ್ತೇನೆ. ನಿಲ್ಲಿಸಿ ನಿಲ್ಲಿಸಿ ನೋಡಬೇಕಾದ್ದರಿಂದ ಉತ್ತರ ನಾಳೆ.